ನಾಲ್ಕನೇ ಲೈನಿನಲ್ಲಿ ಊಟ

ಹೋಟೆಲ್ ಆರಿಸಿದವಳು ನಾನೇ, ಹಾಗಾಗಿ ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ. ನನ್ನ ಗೆಳತಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಸಿಕ್ಕಿತ್ತು. ಸುಂಟಿಕೊಪ್ಪದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ನಾವು ಮೂವರು, ಐವತ್ತು ದಾಟಿದ ಹೆಂಗಸರು, ಭಾನುವಾರ ಮಧ್ಯಾಹ್ನ ಎಲ್ಲಾದರೂ ಕೂತು ನೆಮ್ಮದಿಯಾಗಿ ಬಿಯರ್ ಕುಡಿದು ಊಟ ಮಾಡೋಣ ಎಂದುಕೊಂಡೆವು. ಮಡಿಕೇರಿ ರಸ್ತೆಯಲ್ಲಿ ಹೊಸ ಬ್ರೂಪಬ್ ಒಂದು ಶುರುವಾಗಿತ್ತು. ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಕೊಡುತ್ತಾರಂತೆ. ಫೋನಿನಲ್ಲಿ ನೊರೆ ತುಂಬಿದ ಗ್ಲಾಸಿನ ಚಿತ್ರ ನೋಡಿದೆ, ಟೇಬಲ್ ಬುಕ್ ಮಾಡಿದೆ. ಚಿತ್ರದ ಕೆಳಗೆ ಬರೆದದ್ದನ್ನು ಓದುವ ತಾಳ್ಮೆ ನನಗೆ ಯಾವತ್ತೂ ಇಲ್ಲ.

ಒಳಗೆ ಕಾಲಿಟ್ಟ ಕೂಡಲೇ ಮಾಡಿದ ತಪ್ಪು ಗೊತ್ತಾಯಿತು. ಇಡೀ ಹೋಟೆಲನ್ನು ಹಳೇ ಕಾಲದ ಕಾಫಿ ಎಸ್ಟೇಟಿನಂತೆ ಕಟ್ಟಿದ್ದರು. ಬಡಿಸುವವರು ತಲೆಗೆ ಟವೆಲ್ ಸುತ್ತಿ, ಸೊಂಟಕ್ಕೆ ಕಾಫಿ ಕುಯ್ಯುವ ಚೀಲ ಕಟ್ಟಿಕೊಂಡು ಓಡಾಡುತ್ತಿದ್ದರು. ಗಾಜಿನಾಚೆ ಬಿಯರಿನ ದೊಡ್ಡ ಸ್ಟೀಲ್ ಟ್ಯಾಂಕುಗಳಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗವೆಂಬಂತೆ, 'ಪಲ್ಪರ್ ಹೌಸ್' ಎಂದು ಬೋರ್ಡು ತೂಗುಹಾಕಿದ್ದರು. ಟೇಬಲ್ಲುಗಳಿಗೂ ಬರೀ ನಂಬರು ಸಾಲದೆಂದು ಒಂದನೇ ಲೈನು, ಎರಡನೇ ಲೈನು ಎಂದು ಹೆಸರು. ನಮ್ಮದು ನಾಲ್ಕನೇ ಲೈನು: ಮೇಲೆ ತಗಡಿನ ಮಾಡು, ಹಿಂದೆ ಹೊಗೆ ಹಿಡಿದ ಕಪ್ಪು ಗೋಡೆ, ಅದರಲ್ಲೊಂದು ಪುಟ್ಟ ಕಿಟಕಿ.

ತೋಟದ ಕೆಲಸಗಾರರ ಸಾಲುಮನೆಗಳಿಗೆ ನಮ್ಮಲ್ಲಿ ಲೈನು ಎನ್ನುತ್ತಾರೆ. ಒಂದು ಸಂಸಾರಕ್ಕೆ ಒಂದು ಕೋಣೆ. ಗೆಳತಿ ಹುಟ್ಟಿ ಬೆಳೆದದ್ದು ಅಂಥದೊಂದು ಕೋಣೆಯಲ್ಲಿ. ಅವಳ ಅಮ್ಮ ಕಾಫಿ ಕುಯ್ಯುತ್ತಿದ್ದ ಎಸ್ಟೇಟಿಗೆ ನನ್ನ ಅಪ್ಪ ರೈಟರ್, ಅಂದರೆ ಹಾಜರಿ ಬರೆಯುವ ಗುಮಾಸ್ತ. ನಲವತ್ತು ವರ್ಷದ ಸ್ನೇಹದಲ್ಲಿ ನಾವಿಬ್ಬರೂ ಆ ಮಾತನ್ನು ಎತ್ತಿದ್ದೇ ಇಲ್ಲ. ಈಗ ಅವಳ ಸಂತೋಷದ ದಿನ, ನಾನೇ ಕೈಹಿಡಿದು ಕರೆತಂದು ಅವಳನ್ನು ಅಲ್ಲೇ ಕೂರಿಸಿದ್ದೆ. ಇನ್ನು ಮೇಲೆ ಇವಳು ನನ್ನ ಮುಖ ನೋಡುತ್ತಾಳೋ ಇಲ್ಲವೋ ಎಂದು ನಿಜಕ್ಕೂ ಹೆದರಿಕೆಯಾಯಿತು.

ಇಲ್ಲಿ ಗಲಾಟೆ ಜಾಸ್ತಿ, ಮಡಿಕೇರಿಗೇ ಹೋಗೋಣ, ಹಂದಿ ಫ್ರೈ ಅಲ್ಲೇ ಚೆನ್ನಾಗಿರೋದು ಎಂದು ಬಡಬಡಿಸಿದೆ. ಮೂರನೆಯವಳು ಶ್ರೀಮಂಗಲಕ್ಕೆ ಮದುವೆಯಾಗಿ ಹೋದವಳು. ಕಾರು ಓಡಿಸಬೇಕಾದ್ದರಿಂದ ಅವಳಿಗೆ ನಿಂಬೆ ಶರಬತ್ತೇ ಗತಿ. ಅವಳು ಮೇಜಿನಡಿ ನನ್ನ ಕಾಲು ತುಳಿದಳು, ಬಾಯಿ ಮುಚ್ಚು ಎಂದು. ಗೆಳತಿ ಮಾತ್ರ ತಣ್ಣಗೆ, "ಕೂತ್ಕೋ ಮಾರಾಯ್ತಿ, ಹಸಿವಾಗ್ತಾ ಉಂಟು" ಎಂದಳು.

ರುಚಿ ನೋಡಲು ಪುಟ್ಟ ಗ್ಲಾಸುಗಳಲ್ಲಿ ನಾಲ್ಕು ಬಗೆಯ ಬಿಯರ್ ಬಂತು. ಅವಳು ಕಾಫಿ ಹಾಕಿ ಮಾಡಿದ ಕಪ್ಪಗಿನದನ್ನು ಆರಿಸಿಕೊಂಡಳು. ನಾನು ಯಾವುದನ್ನು ಕುಡಿದೆನೋ ದೇವರಿಗೇ ಗೊತ್ತು. ನನ್ನ ಮಂಡಿನೋವು, ಕರಿಮೆಣಸಿಗೆ ಬಂದ ರೋಗ ಎಂದು ಸುಮ್ಮನೆ ಮಾತಾಡುತ್ತಲೇ ಇದ್ದೆ. ಅವಳ ಕಣ್ಣು ಗೋಡೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಎದ್ದು, ಕನ್ನಡಕ ಏರಿಸಿ, ಮಕ್ಕಳ ಕಾಪಿ ತಿದ್ದುವವಳಂತೆ ಗೋಡೆಯ ಮೇಲೆ ಬೆರಳಾಡಿಸಿ ವಾಪಸು ಬಂದಳು.

"ಮಸಿ ಅಲ್ಲ, ಪೇಂಟು" ಎಂದಳು. ಆಮೇಲೆ, "ನಮ್ಮನೇಲಿ ಕಿಟಕಿ ಇರ್ಲಿಲ್ಲ. ಇವ್ರು ಇಟ್ಟಿದ್ದಾರೆ, ಒಳ್ಳೇದಾಯ್ತು."

ಅದು ವ್ಯಂಗ್ಯವೋ ಬರಿಯ ಮಾತೋ ನನಗೆ ತಿಳಿಯಲಿಲ್ಲ. ತಡೆಯಲಾರದೆ, ನನಗೆ ಗೊತ್ತಿರಲಿಲ್ಲ ಕಣೇ, ನಾನೊಂದು ಕತ್ತೆ ಎಂದೆಲ್ಲ ಶುರುಮಾಡಿದೆ. ಅಷ್ಟರಲ್ಲಿ 'ಲೈನ್‌ಮನೆ ಸ್ಪೆಷಲ್' ಬಂತು: ಎನಾಮಲ್ ತಟ್ಟೆಯಲ್ಲಿ ಗಂಜಿ, ಒಣಮೀನು ಚಟ್ನಿ. ಅದನ್ನು ಬೇಕೆಂದು ಹೇಳಿದ್ದವಳು ಅವಳೇ. ಒಂದು ತುತ್ತು ತಿಂದು ಬಡಿಸುವವನನ್ನು ಕರೆದಳು. ಒಣಮೀನನ್ನು ಎಣ್ಣೆಯಲ್ಲಿ ಕರಿಯಬಾರದು, ಕೆಂಡದಲ್ಲಿ ಸುಡಬೇಕು, ತೆಂಗಿನಕಾಯಿ ಇಷ್ಟು ಹಾಕಬಾರದು ಎಂದು ಐದನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುವ ಹಾಗೆ ಹೇಳಿದಳು. ಅವನು ಅಡುಗೆಯವರಿಗೆ ತಿಳಿಸುತ್ತೇನೆ ಮೇಡಂ ಎಂದು ತಲೆಯಾಡಿಸಿದ. ಅಷ್ಟೆಲ್ಲ ಹೇಳಿ ಅವಳು ತಟ್ಟೆಯನ್ನೇನೂ ಬಿಡಲಿಲ್ಲ. ಬೇಜಾರಾಯ್ತಾ ಎಂದು ಮೆಲ್ಲಗೆ ಕೇಳಿದೆ. ಚಟ್ನಿ ನೋಡಿ ಬೇಜಾರಾಯ್ತು ಎಂದಳು.

ಅರ್ಧ ಜೀವ ಬಂದಂತಾಗಿ ಎದ್ದು ಹೊರಟರೆ, ಬಾಗಿಲ ಬಳಿ ಇನ್ನೊಂದು ಕಾದಿತ್ತು. ಒಬ್ಬ ಹುಡುಗಿ ಉದ್ದನೆಯ ಹಾಜರಿ ಪುಸ್ತಕ, ಶಾಯಿ ಪ್ಯಾಡು ಇಟ್ಟುಕೊಂಡು ಕೂತಿದ್ದಳು. ಬಂದವರೆಲ್ಲ ಹೆಬ್ಬೆಟ್ಟು ಒತ್ತಿ ಫೋಟೋ ತೆಗೆಸಿಕೊಂಡು ಹೋಗುವುದು ಅಲ್ಲಿಯ ತಮಾಷೆಯಂತೆ.

ಅಂಥದೇ ಪುಸ್ತಕ ಅಪ್ಪನ ಮುಂದೆಯೂ ಇರುತ್ತಿತ್ತು. ವಾರದ ಕೊನೆಯಲ್ಲಿ ಎಸ್ಟೇಟ್ ಆಫೀಸಿನ ಜಗಲಿಯ ಮೇಲೆ ಅದನ್ನಿಟ್ಟುಕೊಂಡು ಕೂರುತ್ತಿದ್ದರು. ಕುಯ್ಯುವ ಹೆಂಗಸರು ಸಾಲಾಗಿ ಬಂದು ಕೈ ನೀಡಬೇಕು. ಅಪ್ಪ ಒಬ್ಬೊಬ್ಬರ ಹೆಬ್ಬೆರಳು ಹಿಡಿದು, ಶಾಯಿಗೆ ಅದ್ದಿ, ಪುಸ್ತಕದ ಮೇಲೆ ಎಡದಿಂದ ಬಲಕ್ಕೆ ಹೊರಳಿಸಿ, "ಆಯ್ತು, ನಡಿ" ಎನ್ನುತ್ತಿದ್ದರು. ಆ ಸಾಲಿನಲ್ಲಿ ಅವಳ ಅಮ್ಮನೂ ಇರುತ್ತಿದ್ದರು. ಶಾಲೆ ಬಿಟ್ಟು ಬಂದ ನಾವಿಬ್ಬರೂ ಮೆಟ್ಟಿಲ ಬಳಿ ನಿಂತು ಅದನ್ನು ನೋಡಿದ್ದೇವೆ.

ಹೊತ್ತಾಯಿತು, ಹೋಗೋಣ ಎಂದು ಅವಳ ತೋಳು ಎಳೆದೆ. ಅವಳು ಬಿಡಿಸಿಕೊಂಡು, ಹುಡುಗಿಯ ಪೆನ್ನು ತೆಗೆದುಕೊಂಡು ತನ್ನ ಪೂರ್ತಿ ಹೆಸರು ಬರೆದಳು. ಕೆಳಗೆ ನಿಧಾನವಾಗಿ, ಒಂದು ಒತ್ತಕ್ಷರವೂ ತಪ್ಪದ ಹಾಗೆ, ಮುಖ್ಯೋಪಾಧ್ಯಾಯಿನಿ ಎಂದು ಬರೆದಳು. ಆಮೇಲೆ ಪ್ಯಾಡನ್ನು ನನ್ನ ಕಡೆ ಸರಿಸಿದಳು.

"ಕೈ ಕೊಡು."

ಕೊಟ್ಟೆ. ನನ್ನ ಹೆಬ್ಬೆರಳು ಹಿಡಿದು, ಶಾಯಿಗೆ ಅದ್ದಿ, ಎಡದಿಂದ ಬಲಕ್ಕೆ ಹೊರಳಿಸಿದಳು. "ಆಯ್ತು, ನಡಿ" ಎಂದಳು, ಅಪ್ಪನದೇ ಗಂಟಲಿನಲ್ಲಿ. ಶ್ರೀಮಂಗಲದವಳು ಹೊಟ್ಟೆ ಹಿಡಿದು ನಕ್ಕಳು. ಏನೂ ಅರ್ಥವಾಗದ ಹುಡುಗಿಯೂ ನಕ್ಕಳು. ಗೆಳತಿ ನನ್ನ ಭುಜಕ್ಕೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನೂ ನಕ್ಕೆ.

ಕಾರಿನಲ್ಲಿ ಕೂತ ಮೇಲೆ ಗೆಳತಿ ನನಗೆ ಬೆರಳು ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟಳು. ಕೊಡುತ್ತ, ಮಾಮೂಲಿ ದನಿಯಲ್ಲೇ ಹೇಳಿದಳು: "ಅಮ್ಮಂಗೆ ಸಹಿ ಹಾಕೋಕೆ ಬರ್ತಿತ್ತು. ಏಳನೇ ಕ್ಲಾಸಲ್ಲಿ ನಾನೇ ಕಲಿಸಿದ್ದೆ. ನಿನ್ನಪ್ಪ ಒಂದಿನಾನೂ ಕೇಳ್ಲಿಲ್ಲ, ಅಮ್ಮನೂ ಹೇಳ್ಲಿಲ್ಲ."

ನಾನು ಬೆರಳು ಒರೆಸುತ್ತಲೇ ಇದ್ದೆ. ಅವಳು ಸೀಟಿಗೆ ಒರಗಿ ಕಾಲು ಚಾಚಿದಳು.

"ಇಷ್ಟು ವರ್ಷ ನಿಂಗೆ ಹೇಳ್ಬೇಕು ಅಂತಿದ್ದೆ. ಹೇಳಿ ಆಯ್ತು, ಹಗುರಾಯ್ತು. ಇನ್ನು ನೀನು ಆ ಮುಖ ಇಟ್ಕೊಂಡು ಕೂರ್ಬೇಡ."