ಬೇಲಿ ಸಾಲಿನ ಸೊಪ್ಪು

ಮೊಬೈಲು ನೋಡಿ ನೋಡಿ ಮರೆವು ಬರುತ್ತದೆ ಎಂದರೆ ನಾನು ನಂಬುತ್ತಿರಲಿಲ್ಲ. ಬಿಡದಿಯಲ್ಲಿ ಇಳಿಯಬೇಕಾದ ಗೆಳತಿ ರೀಲ್ಸ್ ನೋಡುತ್ತ ಕೆಂಗೇರಿಯವರೆಗೂ ರೈಲಿನಲ್ಲಿ ಹೋದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ದೆವ್ವದ ಕಥೆ ಕೇಳಿದರೂ ಅದೇ ನಗು. ಈಗ ಎರಡಕ್ಕೂ ನಗಲು ಧೈರ್ಯವಿಲ್ಲ. ನೀವು ನಂಬಿ, ಬಿಡಿ, ನಡೆದದ್ದು ಹೇಳುತ್ತೇನೆ.

ನಮ್ಮದು ಕೈಲಾಂಚದ ಹತ್ತಿರದ ಊರು. ಮನೆಯಲ್ಲಿ ಅವ್ವ, ನಾನು, ಇಬ್ಬರೇ. ಹಿಪ್ಪುನೇರಳೆ ಸೊಪ್ಪು ಬೆಳೆದು ರೇಷ್ಮೆ ಹುಳು ಸಾಕುತ್ತೇವೆ. ನಾನು ಎಂ.ಕಾಂ. ಓದುತ್ತಿದ್ದ ಕಾಲ, ಪರೀಕ್ಷೆಗೆ ಮುಂಚಿನ ರಜೆ. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ಇನ್ನು ಗೂಡು ಕಟ್ಟುವವರೆಗೂ ಅವಕ್ಕೆ ಬಕಾಸುರನ ಹಸಿವು. ಅಂಥ ಹೊತ್ತಿನಲ್ಲೇ ಮಾಗಡಿಯ ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಫೋನು ಬಂದು, ಅವ್ವ ಬೆಳಗ್ಗೆಯೇ ಹೊರಟಳು.

"ಬೇಲಿ ಮಗ್ಗುಲ ಸಾಲು ಮುಟ್ಬ್ಯಾಡ ಕಣವ್ವ. ಪಕ್ಕದೋರು ಟೊಮೊಟೊಗೆ ಔಸ್ದಿ ಹೊಡ್ದವ್ರೆ. ಆ ಸೊಪ್ಪು ತಿಂದ್ರೆ ಒಂದ್ ಹುಳಾನೂ ಉಳ್ಯಾಕಿಲ್ಲ" ಎಂದಳು.

ಹೂಂ ಎಂದೆ. ಕಿವಿಯಲ್ಲಿ ಇಯರ್‌ಫೋನ್ ಇತ್ತು.

ಕುಡುಗೋಲು ಹಿಡಿದು ತೋಟಕ್ಕೆ ಹೋದದ್ದು ನೆನಪಿದೆ. ಫೋನಿನಲ್ಲಿ ಯಾವುದೋ ಧಾರಾವಾಹಿ, ಒಂದಾದ ಮೇಲೊಂದು ಕಂತು. ಮಧ್ಯಾಹ್ನ ಅವ್ವ ಫೋನು ಮಾಡಿ, ಸೊಪ್ಪು ಯಾವ ಕಡೆ ಕೊಯ್ದೆ ಎಂದಳು. ನನ್ನ ತಲೆ ಖಾಲಿ. ಧಾರಾವಾಹಿಯ ಕಥೆ ಪೂರಾ ನೆನಪಿತ್ತು, ಸೊಪ್ಪಿನದು ಒಂಚೂರೂ ಇಲ್ಲ.

ತೋಟಕ್ಕೆ ಓಡಿದೆ. ಬೇಲಿ ಸಾಲು ಬೋಳಾಗಿತ್ತು. ಅವ್ವ ನಿದ್ದೆಗೆಟ್ಟು ಸಾಕಿದ್ದನ್ನೆಲ್ಲ ನನ್ನ ಕೈಯಾರೆ ಕೊಂದೆನಲ್ಲ ಎಂದು ಅಳುತ್ತಲೇ ಬಂದು ಹುಳದ ಮನೆಯ ಬೀಗ ತೆಗೆದೆ. ಹುಳುಗಳು ಚರಚರ ಮೇಯುತ್ತಿದ್ದವು, ಒಂದಕ್ಕೂ ಏನೂ ಆಗಿರಲಿಲ್ಲ. ಸೊಪ್ಪು ತೆಗೆದುಹಾಕೋಣವೆಂದು ಬುಟ್ಟಿಗಾಗಿ ಹಿತ್ತಲಿಗೆ ಹೋದರೆ, ತಿಪ್ಪೆಯ ಮೇಲೆ ಒಂದು ದೊಡ್ಡ ಹೊರೆ ಸೊಪ್ಪು, ಕಟ್ಟು ಕೂಡ ಬಿಚ್ಚಿರಲಿಲ್ಲ. ಎಲೆಗಳ ಮೇಲೆಲ್ಲ ಔಷಧಿಯ ಬಿಳಿ ಚುಕ್ಕೆ. ಮತ್ತೆ ತೋಟಕ್ಕೆ ಹೋಗಿ ನೋಡಿದೆ. ಬಾವಿ ಕಡೆಯ ಒಳ್ಳೆಯ ಸಾಲನ್ನೂ ಯಾರೋ ನೀಟಾಗಿ ಕೊಯ್ದಿದ್ದರು.

ಅಕ್ಕಪಕ್ಕದವರನ್ನು ಕೇಳಿದೆ. ಯಾರೂ ಬಂದಿರಲಿಲ್ಲ. ಬರುವುದಾದರೂ ಹೇಗೆ, ಬೀಗದ ಕೈ ನನ್ನ ಹತ್ತಿರವೇ ಇತ್ತಲ್ಲ.

ಸಂಜೆ ಬಂದ ಅವ್ವ ಹುಳು ನೋಡಿದಳು, ತಿಪ್ಪೆ ನೋಡಿದಳು. ಬಯ್ಯುತ್ತಾಳೆಂದುಕೊಂಡರೆ ನನ್ನ ತಲೆ ಸವರಿದಳು. "ತಪ್ಪು ಗೊತ್ತಾದೇಟ್ಗೆ ಬ್ಯಾರೆ ಸೊಪ್ಪು ತಂದ್ ಹಾಕಿದ್ದೀಯಲ್ಲವ್ವಾ. ಇನ್ನ ನಿನ್ನ ನಂಬಿ ಎಲ್ಲಿಗಾದ್ರೂ ಹೋಗ್ಬೋದು" ಎಂದಳು.

ಆ ಕೆಲಸ ಮಾಡಿದ್ದು ನಾನೇ ಆದರೆ ಅಷ್ಟು ಹೊತ್ತು ನಾನೆಲ್ಲಿದ್ದೆ? ನಾನಲ್ಲವಾದರೆ ಇನ್ಯಾರು? ಅವ್ವ ಅಂದು ತಲೆ ಸವರಿ ಮೆಚ್ಚಿದ್ದು ಯಾರನ್ನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.