ಕಾಲ ಕೆಳಗೆ ಏನಿದೆ, ಹೇಳಿ?

ಬೆಳಗಿನ ಆರೂವರೆ. ಶೇರು ದಲ್ಲಾಳಿ ಕಚೇರಿಯ ಮೂರನೇ ಮಹಡಿಯಲ್ಲಿ ಇನ್ನೂ ದೀಪ ಹಾಕಿಲ್ಲ. ಕಿಟಕಿ ಪಕ್ಕದ ಮೇಜಿನ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಎರಡೂ ಪಾದ ನೆಲಕ್ಕೂರಿ, ಅಂಗೈಗಳನ್ನು ತಣ್ಣನೆಯ ಮೇಜಿನ ಮೇಲಿಟ್ಟು ಕೂತಿದ್ದಾರೆ. ಉಸಿರು ಬರುವುದನ್ನೂ ಹೋಗುವುದನ್ನೂ ಸುಮ್ಮನೆ ಗಮನಿಸುತ್ತಿದ್ದಾರೆ. ಸಂದರ್ಶನಕ್ಕೆಂದು ಬಂದ ನಾನು ಬಾಗಿಲಲ್ಲಿ ಕೆಮ್ಮಿದರೆ, "ಬನ್ನಿ, ಇನ್ನೂ ಹತ್ತು ಉಸಿರು ಬಾಕಿ ಇದೆ, ಕೂತ್ಕೊಳ್ಳಿ" ಎನ್ನುತ್ತಾರೆ. ಕಾಯುವ ವಿದ್ಯೆ ನನಗೆ ಹುಟ್ಟಿನಿಂದಲೂ ಬಂದಿಲ್ಲ. ಆದರೂ ಕೂರುತ್ತೇನೆ.

ಕಚೇರಿಯವರು ಇವರನ್ನು ಕರೆಯುವುದೇ 'ನಿಧಾನಮ್ಮ' ಎಂದು. ಗಿರಾಕಿಗಳು ಫೋನಿನಲ್ಲಿ ಹೇಳುವ ಆರ್ಡರನ್ನು ಕಂಪ್ಯೂಟರಿಗೆ ಹಾಕುವುದು ಇವರ ಕೆಲಸ. ದಿನಕ್ಕೆ ಎಂಬತ್ತು ಕರೆ, ಪೇಟೆ ಬಿದ್ದ ದಿನ ನೂರೈವತ್ತು. ಇಪ್ಪತ್ತೊಂದು ವರ್ಷದಿಂದ ಇದೇ ಕುರ್ಚಿ. ಇವರು ಸಲಹೆ ಕೊಡುವಂತಿಲ್ಲ, ಮಾರಬೇಡಿ ಎನ್ನುವಂತಿಲ್ಲ. ಆರ್ಡರನ್ನು ಒಮ್ಮೆ ಓದಿ ಹೇಳಿ, ಗಿರಾಕಿಯ ಬಾಯಿಂದ 'ಸರಿ' ಅನ್ನಿಸಿಕೊಂಡು ಗುಂಡಿ ಒತ್ತಬೇಕು, ಅಷ್ಟೇ. ಆ ಸಣ್ಣ ಸಂದಿಯಲ್ಲೇ ಈ ತಾಯಿ ಇಡೀ ಸಂಸಾರ ಹೂಡಿದ್ದಾರೆ.

ಈ ನಿಧಾನಕ್ಕೆ ಕಾರಣ ಹನ್ನೊಂದು ವರ್ಷದ ಹಿಂದಿನ ಒಂದು ತಪ್ಪು. "ಒಬ್ರು ದರ್ಜಿ, ಮಾರು ಮಾರು ಅಂತ ಒಂದೇ ಸಮ ಕೂಗಾಡಿದ್ರು. ಅವರ ಗಾಬರಿ ನನಗೂ ಹತ್ತಿಕೊಳ್ತು. ಓದಿ ಹೇಳದೇ ಒತ್ತಿಬಿಟ್ಟೆ. ಮಾರೋದಕ್ಕಲ್ಲ, ಕೊಳ್ಳೋದಕ್ಕೆ! ಎರಡೂ ಗುಂಡಿ ಅಕ್ಕಪಕ್ಕದಲ್ಲೇ ಇರ್ತಾವೆ, ಹಾಳಾದವು." ಕಚೇರಿ ಹೇಗೋ ಅದನ್ನು ಸರಿಪಡಿಸಿತು. ಆಮೇಲೆ ಗಾಬರಿಯ ಕರೆ ಬಂದಾಗಲೆಲ್ಲ ಇವರು 'ಹೆದರಬೇಡಿ' ಎನ್ನುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ.

ಮದ್ದು ಸಿಕ್ಕಿದ್ದು ಮನೆಯಲ್ಲೇ, ಅತ್ತೆಯಿಂದ. ಆಕೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು, ಬಾಯಿ ಸ್ವಲ್ಪ ಜೋರು. "ಹೆದರಬೇಡ ಅಂದ್ರೆ ಯಾರ ಹೆದರಿಕೆ ಹೋಗಿದೆಯೇ ಹುಚ್ಚಿ? ಕಾಲ ಕೆಳಗೆ ಏನಿದೆ ಅಂತ ಕೇಳು. ಏನು ಕಾಣ್ತಿದೆ, ಏನು ಕೇಳಿಸ್ತಿದೆ ಕೇಳು. ಉತ್ತರ ಹುಡುಕೋವಾಗ ಉಸಿರು ತಾನೇ ಕೆಳಗಿಳಿಯುತ್ತೆ" ಎಂದರಂತೆ. ಕಾಲ ಕೆಳಗಿನ ನೆಲ ಕುಸಿಯಿತು ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ. ನೆಲ ಅಲ್ಲೇ ಇದೆಯಾ ನೋಡಿ ಎಂದು ಕೇಳಿದವರು ಇವರೊಬ್ಬರೇ.

ಆದರೆ ಕೇಳುವುದಕ್ಕೆ ಹೊತ್ತು ಬೇಕಲ್ಲ! ಒಂದು ಕರೆ ನಲವತ್ತು ಸೆಕೆಂಡಿನಲ್ಲಿ ಮುಗಿಯಬೇಕೆಂದು ಹೋದ ತಿಂಗಳು ಮುಖ್ಯ ಕಚೇರಿಯಿಂದ ಕಾಗದ ಬಂದಿದೆ. ಇವರದು ಎರಡು ನಿಮಿಷ ದಾಟುತ್ತದೆ. ಸಾಹೇಬರೊಬ್ಬರು ಬಂದು ಒಂದು ದಿನ ಪಕ್ಕದಲ್ಲಿ ಕೂತು ಕೇಳುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಈ ಕುರ್ಚಿಗೆ ಯಂತ್ರ ಬರುತ್ತದೆ, ನಿಧಾನಮ್ಮ ಹಳೇ ಕಡತಗಳ ಕೋಣೆಗೆ ಹೋಗುತ್ತಾರೆ. ಆ ದಿನ ಇವತ್ತೇ. ನಾನು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೇನೆ, ಇವರು ಪೆನ್ಸಿಲ್ ಚೂಪು ಮಾಡುತ್ತಿದ್ದಾರೆ.

ಒಂಬತ್ತೂಕಾಲಿಗೆ ಪೇಟೆ ತೆರೆಯುತ್ತದೆ, ತೆರೆದದ್ದೇ ಬೀಳುತ್ತದೆ. ಸಾಹೇಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಡಿಯಾರ ನೋಡುತ್ತಿದ್ದಾರೆ. ನನಗೂ ಒಂದು ಕೊಟ್ಟಿದ್ದಾರೆ. ಏಳನೇ ಕರೆಯಲ್ಲಿ ಗಂಡಸೊಬ್ಬರ ಕೂಗು: "ಎಲ್ಲಾ ಮಾರಿಬಿಡಿ ಅಕ್ಕಾ! ಮುಳುಗಿಹೋದೆ! ಬೇಗ!"

"ಮಾರೋಣ ಅಣ್ಣ, ಹಾಕ್ತೀನಿ. ಕಾಲ ಕೆಳಗೆ ಏನಿದೆ, ಹೇಳಿ?"

"ಏನ್ ಹುಡುಗಾಟ ಇದು? ಬ್ರೇಕಿದೆ, ಬ್ರೇಕು!"

ಸಾಹೇಬರ ಪೆನ್ನು ನಿಂತಿತು. ನಿಧಾನಮ್ಮನ ದನಿ ಒಂದು ಎಳೆಯೂ ಏರಲಿಲ್ಲ. "ಹಾಗಾದ್ರೆ ಅದನ್ನ ಮೆತ್ತಗೆ ಒತ್ತಿ. ಗಾಡಿ ಪಕ್ಕಕ್ಕೆ ತಗೊಳ್ಳಿ. ನಾನು ಎಲ್ಲೂ ಹೋಗಲ್ಲ, ಇಲ್ಲೇ ಇದ್ದೀನಿ."

ಎಂಜಿನ್ ಸದ್ದು ಇಳಿಯಿತು, ನಿಂತಿತು. ಬಾಗಿಲು ತೆಗೆದ ಸದ್ದಾಯಿತು. "ಇಳಿದು ನಿಂತ್ಕೊಂಡ್ರಾ? ಏನು ಕಾಣ್ತಿದೆ?"

"ಟಯರ್ ಅಂಗಡಿ. ಒಂದು ನೀಲಿ ಡ್ರಮ್ಮು."

"ಏನು ಕೇಳಿಸ್ತಿದೆ?"

ಅವರು ಗಾಡಿಯತ್ತ ತಿರುಗಿ ಬಂದ ಹೆಜ್ಜೆ ಸದ್ದು. ಆಮೇಲೆ, "ಹಿಂದಿನ ಸೀಟಲ್ಲಿ ನನ್ನ ಮಗಳು ಗೊರಕೆ ಹೊಡೀತಿದ್ದಾಳೆ ಅಕ್ಕ. ಪಕ್ಕದಲ್ಲೇ ಅವಳಮ್ಮನೂ ಮಲಗಿದ್ದಾಳೆ" ಎಂದವರು ಗಳಗಳ ಅತ್ತರು. ನಿಧಾನಮ್ಮ ಅಳು ಮುಗಿಯುವ ತನಕ ಕಾದರು. "ಈಗ ಹೇಳಿ, ಏನು ಹಾಕಲಿ?" ಅವರು ಅರ್ಧ ಮಾತ್ರ ಮಾರಿ ಎಂದರು. ಇವರು ಓದಿ ಹೇಳಿದರು, ಅವರು ಸರಿ ಎಂದರು. ನಾಲ್ಕು ನಿಮಿಷ ಹತ್ತು ಸೆಕೆಂಡು. ನಾನು ದೊಡ್ಡ ದೊಡ್ಡವರ ಸಂದರ್ಶನ ಮಾಡಿದ್ದೇನೆ ಸ್ವಾಮಿ. ಹೀಗೆ ಬೆರಗಾಗಿ ಬರೆದುಕೊಳ್ಳುವುದನ್ನೇ ಮರೆತು ಕೂತದ್ದು ಇದೇ ಮೊದಲು.

ಅರ್ಧ ಮಾರಿದ್ದು ಲಾಭವೋ ನಷ್ಟವೋ ಎಂದು ಮಧ್ಯಾಹ್ನ ಕೇಳಿದೆ. "ಅದನ್ನ ಕಟ್ಕೊಂಡು ನನಗೇನು? ಪೇಟೆ ಏಳುತ್ತೆ, ಬೀಳುತ್ತೆ. ಮಾರಿದ್ದು ಅವರೇ, ಅವರ ಹೆದರಿಕೆ ಅಲ್ಲ. ನನಗೆ ಅಷ್ಟು ಸಾಕು" ಎಂದರು.

ಸಂಜೆ ಸಾಹೇಬರ ತೀರ್ಮಾನ ಬಂತು. ಮೂರು ತಿಂಗಳು ಇದೇ ಕುರ್ಚಿ, ಆಮೇಲೆ ಮತ್ತೆ ನೋಡೋಣ. ಅದಕ್ಕಿಂತ ಹೆಚ್ಚು ತಮ್ಮ ಕೈಯಲ್ಲಿಲ್ಲ ಎನ್ನುವಾಗ ಅವರು ತಲೆ ತಗ್ಗಿಸಿದ್ದರು. ನನಗೆ ಮೈಯೆಲ್ಲ ಉರಿಯಿತು. "ಇಷ್ಟೆಲ್ಲ ಕಣ್ಣಾರೆ ಕಂಡೂ ಬರೀ ಮೂರು ತಿಂಗಳಾ?" ಎಂದು ಕೂಗಿಯೇಬಿಟ್ಟೆ.

ನಿಧಾನಮ್ಮ ನನ್ನನ್ನು ಸಮಾಧಾನ ಮಾಡುವವರಂತೆ ನಕ್ಕರು. "ಮೂರು ತಿಂಗಳು ಅಂದ್ರೆ ಹತ್ತಿರ ಹತ್ತಿರ ಐದು ಸಾವಿರ ಕರೆ. ಅಷ್ಟು ಜನರ ಹತ್ತಿರ ಮಾತಾಡಬಹುದು. ಕಡಿಮೆ ಆಯ್ತಾ?"