ಕೋಸಿನ ಪೀಪಾಯಿಯ ಮೇಲಿನ ತೀರ್ಪು

ಬೆಲೊಕಾಮ್ಸ್ಕ್ ಮಾರುಕಟ್ಟೆಯ ಉಪ್ಪಿನಕಾಯಿ ಸಾಲಿನಲ್ಲಿ ಮೂರನೇ ಕಟ್ಟೆ ರಿಮ್ಮಾ ಗ್ಲೇಬೊವ್ನಾಳದು. ಹುಳಿಕೋಸು, ಉಪ್ಪುಸೌತೆ, ಸಬ್ಬಸಿಗೆ ಹಾಕಿ ನೆನೆಸಿದ ಅಣಬೆ ಅವಳ ಸರಕು. ಸರಕು ಒಳ್ಳೆಯದೇ, ಆದರೆ ಸೋಮವಾರ ಬೆಳಿಗ್ಗೆ ಅವಳ ಮುಂದೆ ಜನ ಸೇರುವುದು ಸರಕಿಗಲ್ಲ. ಭಾನುವಾರ ಊರಿನಲ್ಲಿ ಐಸ್ ಸ್ಕೇಟಿಂಗ್ ಸ್ಪರ್ಧೆ ನಡೆದಿದ್ದರೆ, ಸೋಮವಾರ ಕೋಸಿನ ಪೀಪಾಯಿಗೆ ಒರಗಿಸಿದ ಕರಿಹಲಗೆಯ ಮೇಲೆ ಅವಳ ತೀರ್ಪು ಸೀಮೆಸುಣ್ಣದಲ್ಲಿ ಮೂಡಿರುತ್ತದೆ. ಮೊದಲನೆಯವಳು ಯಾರು, ಎರಡನೆಯವಳು ಯಾರು, ಯಾಕೆ ಎಂದು ಅರ್ಧ ಸಾಲು. ಕೋಟು ಹಾಕಿಕೊಂಡು ಮೇಜಿನ ಹಿಂದೆ ಕೂತ ಒಂಬತ್ತು ಮಂದಿ ತೀರ್ಪುಗಾರರು ಏನು ಹೇಳಿದರು ಎಂಬುದು ಆ ಹಲಗೆಗೆ ಸಂಬಂಧಪಡದ ವಿಷಯ.

ಜನ ಓದುತ್ತಾರೆ, ಬೈಯುತ್ತಾರೆ, ಬೈದ ಮೇಲೆ ಬರಿಗೈಲಿ ಹೋಗುವುದು ಸರಿಯಲ್ಲವೆಂದು ಅರ್ಧ ಕಿಲೋ ಕೋಸು ಕಟ್ಟಿಸಿಕೊಂಡು ಹೋಗುತ್ತಾರೆ. ಇದಕ್ಕಿಂತ ಒಳ್ಳೆಯ ವ್ಯಾಪಾರದ ಉಪಾಯ ನಮ್ಮ ಮಾರುಕಟ್ಟೆಯಲ್ಲಿ ಯಾರಿಗೂ ಹೊಳೆದಿಲ್ಲ. ತಮಾಷೆಯೆಂದರೆ, ಅವಳಿಗೆ ಅದು ಉಪಾಯವೆಂದೇ ಗೊತ್ತಿಲ್ಲ.

ರಿಮ್ಮಾ ಹುಟ್ಟಿನಿಂದ ಇವತ್ತಿನವರೆಗೆ ಕಾಲಿಗೆ ಸ್ಕೇಟು ಕಟ್ಟಿದವಳಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಊರಿನ ಹಿಮಾಂಗಣದಲ್ಲಿ ಐಸು ನಯ ಮಾಡುವ ಗಾಡಿ ಓಡಿಸಲು ಸೇರಿದಳು. ಇಪ್ಪತ್ತಮೂರು ವರ್ಷ ಅದೇ ಗಾಡಿ. ಹುಡುಗಿಯರು ಹಾರಿ, ಬಿದ್ದು, ಅತ್ತು ಹೋದ ಮೇಲೆ ಇವಳು ಗಾಡಿಯೇರಿ ಅವರ ಗೆರೆಗಳನ್ನೆಲ್ಲ ಅಳಿಸುವುದು. ಅಳಿಸುವ ಮೊದಲು ಓದುವುದು. ಯಾರು ಸ್ಕೇಟಿನ ಅಲಗಿನ ಯಾವ ಅಂಚಿನ ಮೇಲೆ ನೆಗೆದರು, ಎಲ್ಲಿ ಕಾಲು ನಡುಗಿತು, ಎಲ್ಲಿ ಮೋಸ ಮಾಡಿದರು, ಎಲ್ಲವೂ ಐಸಿನ ಮೇಲೆ ಬರೆದಿರುತ್ತದೆ. ಅಂಗಣವನ್ನು ದುರಸ್ತಿ ಮಾಡಿದಾಗ ಹೊಸ ಗಾಡಿ ಬಂತು, ಹೊಸ ಗಾಡಿಗೆ ಹೊಸ ಚಾಲಕ ಬಂದ. ರಿಮ್ಮಾ ಅಮ್ಮನ ಪೀಪಾಯಿಗಳನ್ನು ನೆಲಮಾಳಿಗೆಯಿಂದ ಹೊರಗೆ ತೆಗೆದಳು.

ಕೆಲಸ ಹೋದರೂ ಎಂಟನೇ ಸಾಲು ಹೋಗಲಿಲ್ಲ. ಅಂಗಣದ ಉದ್ದದ ಬದಿಯಲ್ಲಿ, ನಟ್ಟನಡುವೆ, ಎಂಟನೇ ಸಾಲಿನ ಹನ್ನೊಂದು ಕುರ್ಚಿಗಳು ಮೂವತ್ತು ವರ್ಷಗಳಿಂದ ಹನ್ನೊಂದು ಹೆಂಗಸರವು. ಒಬ್ಬೊಬ್ಬರಿಗೂ ತಾವೇ ಹೊಲಿದುಕೊಂಡ ಒಂದೊಂದು ಮೆತ್ತೆ. ಮೆತ್ತೆಗಳೆಲ್ಲ ಕೋಟು ಇಡುವ ಕೋಣೆಯ ಪೆಟ್ಟಿಗೆಯಲ್ಲಿ ಇರುತ್ತವೆ. ಯಾರಾದರೂ ಸತ್ತರೆ ಮೆತ್ತೆ ಮನೆಗೆ ಹೋಗುತ್ತದೆ. ಬದುಕಿರುವವರ ಮೆತ್ತೆ ಹೊರಗೆ ಹೋದದ್ದು ಯಾರಿಗೂ ನೆನಪಿಲ್ಲ. ಪೆಟ್ಟಿಗೆಯ ಬೀಗದಕೈ ಎಲ್ವಿರಾ ಮಾರ್ಕೊವ್ನಾಳ ಬಳಿ. ಆಕೆ ನಿವೃತ್ತ ಔಷಧ ಅಂಗಡಿಯವಳು, ರಿಮ್ಮಾಳ ಎಡಗಡೆ ಕುರ್ಚಿಯವಳು, ಮೂವತ್ತು ವರ್ಷದಿಂದ ಇಬ್ಬರೂ ಒಂದೇ ಥರ್ಮಾಸಿನ ಚಹಾ ಕುಡಿದವರು.

ಜನವರಿಯ ಕಪ್ ಪಂದ್ಯದಲ್ಲಿ ನಮ್ಮೂರಿನ ನಿಕಾ ಸ್ತಾರೊದುಬ್ತ್ಸೆವಾ ಗೆದ್ದಳು, ಸಾರಾನ್ಸ್ಕ್ ಊರಿನಿಂದ ಬಂದ ಹುಡುಗಿಗೆ ಎರಡನೇ ಸ್ಥಾನ. ನಿಕಾ ಹದಿನೇಳು ವರ್ಷದ ಹುಡುಗಿ, ರೊಟ್ಟಿ ಅಂಗಡಿಯ ಬಾಗಿಲಿನಿಂದ ಬಸ್ಸಿನ ಬೆನ್ನಿನವರೆಗೆ ಅವಳದೇ ಚಿತ್ರ. ಸಂಗೀತ ನಿಂತ ತಕ್ಷಣ ಊರೇ ಎದ್ದು ನಿಂತಿತು. ಐಸಿನ ಮೇಲೆ ಅಭಿಮಾನಿಗಳು ಎಸೆದ ಬೊಂಬೆಗಳ ಮಳೆ. ಎಂಟನೇ ಸಾಲಿನಲ್ಲಿ ಹತ್ತು ಕರವಸ್ತ್ರ ಹೊರಬಂದವು. ಹನ್ನೊಂದನೆಯವಳು ಎದ್ದು ತನ್ನ ಎಂದಿನ ಅಭ್ಯಾಸದಂತೆ ಅಂಗಣದ ಮೂಲೆಯ ತಡೆಗಾಜಿನ ಬಳಿಗೆ ಹೋದಳು. ಉಳಿದವರು ಮಾರ್ಕಿಗೆ ಕಾಯುವ ಹುಡುಗಿಯ ಮುಖ ನೋಡುವಾಗ ರಿಮ್ಮಾ ಐಸು ನೋಡುತ್ತಾಳೆ. ಹೊಸ ಗೆರೆಯಲ್ಲಿ ಬಿಳಿ ಪುಡಿ ಇನ್ನೂ ಕೂತಿರುತ್ತದೆ, ಹಳೆಯದರಲ್ಲಿ ಕರಗಿರುತ್ತದೆ.

ಲುಟ್ಸ್ ಎನ್ನುವ ನೆಗೆತ ನಡೆಯುವುದು ಆ ಮೂಲೆಯಲ್ಲಿ. ಹಿಮ್ಮುಖವಾಗಿ ದೂರದಿಂದ ಓಡಿಬಂದು, ಪಾದದ ಹೊರ ಅಂಚಿನ ಮೇಲೆ ವಾಲಿಕೊಂಡೇ ನೆಗೆಯಬೇಕು. ಮೈ ತಿರುಗುವ ದಿಕ್ಕು ಒಂದು, ಗೆರೆ ಬಾಗುವ ದಿಕ್ಕು ಇನ್ನೊಂದು. ಅದಕ್ಕೇ ಅದು ಕಷ್ಟ. ಕೊನೆಯ ಚಣದಲ್ಲಿ ಕಳ್ಳತನದಿಂದ ಒಳ ಅಂಚಿಗೆ ವಾಲಿಬಿಟ್ಟರೆ ಸುಲಭ, ಆದರೆ ಗೆರೆಯ ತುದಿ ಕೊಕ್ಕೆಯ ಹಾಗೆ ಮಡಚಿಕೊಳ್ಳುತ್ತದೆ. ನಿಕಾಳ ಗೆರೆಯ ತುದಿಯಲ್ಲಿ ಕೊಕ್ಕೆ ಇತ್ತು.

ಸೋಮವಾರ ಹಲಗೆಯ ಮೇಲೆ ಹೀಗಿತ್ತು: "ಮೊದಲು: ಸಾರಾನ್ಸ್ಕಿನ ಹುಡುಗಿ. ಎರಡನೆಯದು: ನಮ್ಮ ನಿಕಾ. ಅವಳ ಲುಟ್ಸ್ ಲುಟ್ಸಲ್ಲ."

ಎದುರು ಕಟ್ಟೆಯ ಜೇನು ವ್ಯಾಪಾರಿ ಮರಾತ್ ಇಲ್ದಾರೊವಿಚ್ ಅದನ್ನು ಎರಡು ಸಲ ಓದಿದ.

"ರಿಮ್ಮಾ ಗ್ಲೇಬೊವ್ನಾ, ಇವತ್ತು ಅಂಗಡಿ ಬೇಗ ಮುಚ್ಚೋ ಯೋಚನೆ ಇದೆಯಾ?"

"ಯಾಕೆ?"

"ಕಲ್ಲು ಬೀಳೋ ಮುಂಚೆ ನನ್ನ ಬಾಟ್ಲಿ ಒಳಗಿಟ್ಕೋಬೇಕು. ಗಾಜಿನವು."

ಕಲ್ಲು ಬೀಳಲಿಲ್ಲ, ಮಾತು ಬಿತ್ತು. ಮೀನಿನ ಸಾಲಿನವಳು ಕೇಳಿದಳು, "ಸ್ವಂತ ಊರಿನ ಮಗುನ ಹೀಗೆ ಎಳೆದು ಹಾಕ್ತೀರಲ್ಲ, ನಿಮಗೇನು ಸಾರಾನ್ಸ್ಕಿನೋರು ಕೋಸು ಕಳಿಸ್ತಾರಾ?" ಟೋಪಿ ಹಾಕಿದ ಒಬ್ಬ ಮುದುಕ, "ಟೀವಿಲಿ ನಾಲ್ಕು ಸಲ ನಿಧಾನಕ್ಕೆ ತೋರಿಸಿದ್ರು, ಎಲ್ಲಾ ಸರಿ ಇತ್ತು" ಎಂದ. "ಟೀವಿಯೋರು ಅವಳ ಮುಖ ತೋರಿಸಿದ್ರು, ತಾತ. ಪಾದ ಮುಖದಲ್ಲಿ ಇರಲ್ಲ" ಎಂದು ರಿಮ್ಮಾ ಅವನಿಗೆ ಸೌತೆ ತೂಗಿದಳು.

ಮಂಗಳವಾರ ಎಲ್ವಿರಾ ಬಂದಳು. ತುಪ್ಪಳದ ಟೋಪಿ, ಹೊಸ ತುಟಿಬಣ್ಣ. ತುಟಿಬಣ್ಣ ಹಚ್ಚಿಕೊಂಡು ಬಂದಳೆಂದರೆ ಸಾಲಿನ ಪರವಾಗಿ ಬಂದಿದ್ದಾಳೆ ಎಂದರ್ಥ.

"ರಿಮ್ಮೊಚ್ಕಾ, ಅಳಿಸಿಬಿಡೆ ಅದನ್ನ."

"ಸೀಮೆಸುಣ್ಣ ತಾನೇ. ಭಾನುವಾರದ ಹೊತ್ತಿಗೆ ತಾನೇ ಹೋಗುತ್ತೆ."

"ಇವತ್ತೇ ಹೋಗಬೇಕು. ಹುಡುಗೀರೆಲ್ಲ ಕೂತು ಮಾತಾಡಿದ್ವಿ." ಆ ಹುಡುಗಿಯರಲ್ಲಿ ಅತಿ ಚಿಕ್ಕವಳಿಗೆ ಐವತ್ತೆಂಟು. "ನಾವು ನಿಕಾನ ಅಭಿಮಾನಿಗಳು. ಅಭಿಮಾನಿ ಅಂದ್ರೆ ಏನರ್ಥ?"

"ಕಣ್ಣು ಮುಚ್ಕೊಂಡಿರೋದು ಅಂತ ನನಗ್ಯಾರೂ ಹೇಳಿಲ್ಲ."

"ಒಂದು ದಿನ ಸ್ಕೇಟು ಕಟ್ಟಿದವಳಲ್ಲ ನೀನು. ನಿನಗೆ ಅಂಚು ಗಿಂಚು ಏನೇ ಗೊತ್ತು?"

"ನಾನು ಒಂದು ದಿನ ಕೋಸೂ ಆಗಿದ್ದವಳಲ್ಲ ಎಲ್ವಿರಾ. ಹುಳಿ ಬಂದಿದೆಯೋ ಕೊಳೆತಿದೆಯೋ ಅಂತ ಗೊತ್ತಾಗುತ್ತೆ."

ಮರಾತ್ ಜೇನಿನ ಚಮಚ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು. ಎಲ್ವಿರಾಳ ತುಟಿಬಣ್ಣ ಒಂದು ಗೆರೆಯಾಯಿತು.

"ಹಾಗಾದರೆ ನಾಳೆ ಮೆತ್ತೆ ಕಳಿಸ್ತೀವಿ."

ಕಳಿಸಿದರು. ಬುಧವಾರ ಹತ್ತು ಗಂಟೆಗೆ ಮೆತ್ತೆ ಪತ್ರಿಕೆಯಲ್ಲಿ ಸುತ್ತಿಕೊಂಡು ಬಂತು. ನೀಲಿ ಉಣ್ಣೆ, ಅಂಚಿಗೆ ಬಿಳಿ ದಾರ. ಒಂದು ಮೂಲೆಯಲ್ಲಿ ಯಾವುದೋ ಜಮಾನದ ಜೋಡಿ ನೃತ್ಯದವರು ಬಿದ್ದ ದಿನ ಎಲ್ವಿರಾ ಚೆಲ್ಲಿದ ಚಹಾದ ಕಲೆ. ರಿಮ್ಮಾ ಪೀಪಾಯಿಯ ಹಿಂದೆ ಬಗ್ಗಿ, ಏನೋ ಹುಡುಕುವವಳ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ಎದ್ದವಳು ಮೆತ್ತೆಯನ್ನು ತನ್ನ ಸ್ಟೂಲಿನ ಮೇಲೆ ಹಾಕಿ, ಅದರ ಮೇಲೆ ಕೂತಳು. ಆಮೇಲೆ ಸೀಮೆಸುಣ್ಣ ತೆಗೆದು, ಮಾಸಿದ್ದ ಅಕ್ಷರಗಳನ್ನೆಲ್ಲ ಮತ್ತೆ ತಿದ್ದಿದಳು. ಎರಡರಷ್ಟು ದಪ್ಪ.

ಶುಕ್ರವಾರ ಮಧ್ಯಾಹ್ನ ಕಟ್ಟೆಯ ಮುಂದೆ ನಿಂತದ್ದು ನಿಕಾ. ಪಕ್ಕದಲ್ಲಿ ಅವಳದೇ ಚಿತ್ರ ಅಂಟಿಸಿದ ಕಂಬ. ಚಿತ್ರದವಳು ನಗುತ್ತಿದ್ದಳು, ಇವಳಲ್ಲ.

"ರಿಮ್ಮಾ ಗ್ಲೇಬೊವ್ನಾ, ನೀವು ಊರಿಗೆಲ್ಲ ಹೇಳಿದ್ದೀರಿ. ನನಗೆ ಹೇಳಿಲ್ಲ."

"ನೀನು ಕೋಸು ತಿನ್ನಲ್ವಲ್ಲ ಮಗಳೇ, ಈ ಕಡೆ ಬರಲ್ಲ."

"ನಾಳೆ ಏಳು ಗಂಟೆಗೆ ಅಭ್ಯಾಸ. ಬನ್ನಿ. ಎದುರಿಗೆ ನಿಂತು ಹೇಳಿ."

ಆ ಸಂಜೆ ರಿಮ್ಮಾ ಉಪ್ಪು ಹಾಕಬೇಕಾದ ಪೀಪಾಯಿಗೆ ಎರಡು ಸಲ ಉಪ್ಪು ಹಾಕಿದಳು. ಹಲಗೆಯ ಮೇಲೆ ಬರೆಯುವುದು ಬೇರೆ, ನಾಲ್ಕು ವರ್ಷದವಳಿದ್ದಾಗ ತನ್ನ ಗಾಡಿಯ ಹಿಂದೆ ಓಡಿಬರುತ್ತಿದ್ದ ಮಗುವಿನ ಮುಖಕ್ಕೆ ಹೇಳುವುದು ಬೇರೆ. ಹೋಗದಿದ್ದರೆ ಹಲಗೆಯನ್ನು ಒಲೆಗೆ ಹಾಕುವುದೇ ಸರಿ ಎಂದೂ ಅವಳಿಗೆ ಗೊತ್ತಿತ್ತು.

ಶನಿವಾರ ಏಳಕ್ಕೆ ಐಸು ಕನ್ನಡಿಯಂತಿತ್ತು. ನಿಕಾಳ ತರಬೇತುದಾರ ವಾದಿಮ್ ಯೂರ್ಯೆವಿಚ್ ಬೇಲಿಗೆ ಒರಗಿ ನಿಂತಿದ್ದ. ಅವನು ನಮಸ್ಕಾರ ಹೇಳಲಿಲ್ಲ.

"ತೀರ್ಪುಗಾರರು ಮಾರ್ಕು ಕತ್ತರಿಸಿಲ್ಲ. ಅವರಿಗಿಲ್ಲದ ತೊಂದರೆ ಮಾರುಕಟ್ಟೆಗೆ ಯಾಕೆ?"

"ಅವರು ಕೂರೋದು ಉದ್ದದ ಬದಿಲಿ, ವಾದಿಮ್ ಯೂರ್ಯೆವಿಚ್. ನಮ್ಮ ಎಂಟನೇ ಸಾಲಿನೋರ ಕೆಳಗಡೆನೇ. ಆ ಜಾಗದಿಂದ ಚೆನ್ನಾಗಿ ಕಾಣೋದು ಹುಡುಗೀರ ನಗು."

ನಿಕಾ ಓಡಿಬಂದಳು, ನೆಗೆದಳು, ನಿಂತಳು. ಕಣ್ಣಿಗೆ ಹಬ್ಬ. ಮೂವರೂ ಮೂಲೆಗೆ ಹೋದರು. ಕನ್ನಡಿಯಂಥ ಐಸಿನ ಮೇಲೆ ಒಂದೇ ಒಂದು ಗೆರೆ, ಉದ್ದಕ್ಕೆ ಬಾಗಿ ಬಂದು, ತುದಿಯಲ್ಲಿ ಕೊಕ್ಕೆ. ರಿಮ್ಮಾ ಬಾಯಿ ಬಿಡಬೇಕಾಗಲಿಲ್ಲ. ಹುಡುಗಿ ಮೊಣಕಾಲೂರಿ, ಕೈಗವಸು ತೆಗೆದು, ಆ ಕೊಕ್ಕೆಯ ಮೇಲೆ ಬೆರಳಾಡಿಸಿದಳು.

"ಇದು ನಿಮಗೆ ಗೊತ್ತಿತ್ತಾ?" ಎಂದು ತರಬೇತುದಾರನನ್ನು ಕೇಳಿದಳು.

"ಎಲ್ಲರದ್ದೂ ಹಾಗೇ ಇರುತ್ತೆ, ನಿಕಾ. ಈಗ ತಿದ್ದೋಕೆ ಹೋದ್ರೆ ಇರೋದೂ ಹೋಗುತ್ತೆ. ಇನ್ನು ಮೂರು ವಾರಕ್ಕೆ ಪ್ರಾಂತ್ಯದ ಅಂತಿಮ ಪಂದ್ಯ."

"ಎಲ್ಲರದ್ದೂ ಹಾಗಲ್ಲ, ಸಾರಾನ್ಸ್ಕಿನವಳದ್ದು ಹಾಗಿರಲಿಲ್ಲ" ಎಂದಳು ರಿಮ್ಮಾ. ಹೇಳಿದ ಮೇಲೆ, ಹೇಳಬಾರದಿತ್ತೇನೋ ಎನಿಸಿತು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಪ್ರಾಂತ್ಯದ ಪಂದ್ಯವೂ ನಮ್ಮೂರಿನಲ್ಲೇ. ಸಾರಾನ್ಸ್ಕ್ ಬೇರೆ ಪ್ರಾಂತ್ಯವಾದ್ದರಿಂದ ಆ ಹುಡುಗಿ ಇರಲಿಲ್ಲ. ಎಂಟನೇ ಸಾಲಿನಲ್ಲಿ ಹತ್ತು ಮೆತ್ತೆ, ನಡುವೆ ಒಂದು ಬರೀ ಕುರ್ಚಿ. ರಿಮ್ಮಾ ಮೂಲೆಯ ಗಾಜಿನ ಹಿಂದೆ, ಚಳಿ ನೇರವಾಗಿ ಹೊಡೆಯುವ ಜಾಗದಲ್ಲಿ, ತನ್ನ ನೀಲಿ ಮೆತ್ತೆಯ ಮೇಲೆ ಕೂತಿದ್ದಳು. ಐದು ಹುಡುಗಿಯರು ಬಂದರು, ಹಾರಿದರು. ಐದು ಕೊಕ್ಕೆ ಎಣಿಸಿದಳು. ಕೊನೆಗೆ ನಿಕಾ.

ಹುಡುಗಿ ಹಿಮ್ಮುಖವಾಗಿ ಮೂಲೆಗೆ ಬರುತ್ತಿದ್ದ ಹಾಗೆ ರಿಮ್ಮಾಳಿಗೆ ಪಾದ ಕಂಡಿತು. ಹೊರಕ್ಕೆ ವಾಲಿತ್ತು. ಇನ್ನೂ ವಾಲಿತ್ತು. ಕೊನೆಯವರೆಗೂ ವಾಲಿಕೊಂಡೇ ನೆಗೆಯಿತು. ಗಾಳಿಯಲ್ಲಿ ಮೂರು ಸುತ್ತು, ಆಮೇಲೆ ಸೊಂಟ ಐಸಿಗೆ ಬಡಿದ ಸದ್ದು. ಗಾಜು ನಡುಗಿತು. ನಿಕಾ ಎದ್ದು ಸಂಗೀತ ಹಿಡಿದಳು, ಉಳಿದದ್ದನ್ನು ಮುಗಿಸಿದಳು, ನಾಲ್ಕನೆಯವಳಾದಳು. ಬೊಂಬೆಗಳು ಕಡಿಮೆ ಬಿದ್ದವು. ಹೊರಗೆ ಹೋಗುತ್ತಿದ್ದವರಲ್ಲಿ ಯಾರೋ ರಿಮ್ಮಾಳ ಬೆನ್ನಿಗೆ ಹೇಳಿದರು, "ಹಾಳು ಮಾಡಿದ್ರಿ ಹುಡುಗಿನ. ಈಗ ಸಮಾಧಾನ ಆಯ್ತಾ?"

ಅವಳು ಗೆರೆ ನೋಡುತ್ತಿದ್ದಳು. ಕೊನೆಯವರೆಗೂ ಒಂದೇ ಬಾಗು. ಇಪ್ಪತ್ತಮೂರು ವರ್ಷದಲ್ಲಿ ಅಂಥ ಗೆರೆಯನ್ನು ಅಳಿಸಲು ಮನಸ್ಸು ಬಾರದೆ ಗಾಡಿ ನಿಲ್ಲಿಸಿದ್ದು ಎರಡೇ ಸಲ.

ಸೋಮವಾರ ಮಾರುಕಟ್ಟೆಗೆ ಮಾರುಕಟ್ಟೆಯೇ ಅವಳ ಕಟ್ಟೆಯ ಮುಂದಿತ್ತು. ಈ ಸಲ ಹೆಂಗಸು ತಪ್ಪು ಒಪ್ಪಿಕೊಂಡು ಏನಾದರೂ ಬರೆದಿರುತ್ತಾಳೆ ಎಂದು ನೋಡಲು ಬಂದವರು. ಹಲಗೆಯ ಮೇಲೆ ಹೀಗಿತ್ತು: "ಮೊದಲು: ನಮ್ಮ ನಿಕಾ. ಬಿದ್ದಳು. ಲುಟ್ಸ್ ಲುಟ್ಸೇ. ಉಳಿದವರ ಬಗ್ಗೆ ಬರೆಯುವಂಥದ್ದೇನಿಲ್ಲ."

ಮರಾತ್ ತನ್ನ ಕಟ್ಟೆಯಿಂದಲೇ ಹೇಳಿದ, "ರಿಮ್ಮಾ ಗ್ಲೇಬೊವ್ನಾ, ನಿಮ್ಮ ತಕ್ಕಡಿ ಇವತ್ತು ಒಂದು ಕಡೆ ಸ್ವಲ್ಪ ವಾಲಿದ ಹಾಗಿದೆ."

"ವಾಲಿದ್ರೆ ಹೊರಗಡೆಗೇ ವಾಲಿದೆ. ನೀವು ಜೇನು ನೋಡ್ಕೊಳ್ಳಿ."

ಎಲ್ವಿರಾ ಗುಂಪನ್ನು ಸೀಳಿಕೊಂಡು ಬಂದಳು. ಈ ಸಲ ತುಟಿಬಣ್ಣವಿರಲಿಲ್ಲ.

"ಗೆದ್ದಾಗ ಎರಡನೇದು ಅಂದೆ. ಬಿದ್ದಾಗ ಮೊದಲನೇದು ಅಂತೀಯ. ಏನೇ ನಿನ್ನ ಕಥೆ? ಊರು ಬಲಕ್ಕೆ ಹೋದ್ರೆ ನೀನು ಎಡಕ್ಕೆ ಹೋಗಬೇಕು ಅಂತ ಹರಕೆನಾ?"

"ಊರು ಎಲ್ಲಿಗಾದ್ರೂ ಹೋಗಲಿ. ಆರು ಗೆರೆ ನೋಡಿದೆ, ಒಂದು ನೆಟ್ಟಗಿತ್ತು."

"ಸೊಂಟದ ಮೇಲೆ ಬಿದ್ದಳು ಕಣೆ, ಇಡೀ ಊರಿನ ಮುಂದೆ."

"ಬಿದ್ದಿದ್ದನ್ನೂ ಬರೆದಿದೀನಲ್ಲ. ಓದು."

ಎಲ್ವಿರಾ ಓದಿದಳು. ಆಮೇಲೆ ದನಿ ತಗ್ಗಿಸಿದಳು.

"ಹುಡುಗೀರನ್ನ ನಾನು ಒಪ್ಪಿಸ್ತೀನಿ. ಮೆತ್ತೆ ತಗೊಂಡು ಬಾ. ಬರೆಯೋದಾದ್ರೆ ಬರಿ, ಸ್ವಲ್ಪ ಚಿಕ್ಕದಾಗಿ ಬರಿ."

"ಚಿಕ್ಕದಾಗಿ ಬರೆದ್ರೆ ಮುದುಕರಿಗೆ ಕಾಣಲ್ಲ."

"ಕುರ್ಚಿ ಖಾಲಿ ಇದೆ ರಿಮ್ಮಾ. ಥರ್ಮಾಸಿನಲ್ಲಿ ಚಹಾ ಉಳಿದುಹೋಗುತ್ತೆ."

ಆ ಮಾತಿಗೆ ರಿಮ್ಮಾ ಒಮ್ಮೆ ಕತ್ತೆತ್ತಿದಳು. "ಮೂಲೆಲಿ ನನ್ನ ಪಕ್ಕದ ಕುರ್ಚಿನೂ ಖಾಲಿ. ಚಳಿ ಜಾಸ್ತಿ, ಥರ್ಮಾಸ್ ತಂದ್ರೆ ಒಳ್ಳೇದು."

"ನಾನು ಸತ್ತರೂ ಆ ಮೂಲೆಗೆ ಬರಲ್ಲ" ಎಂದಳು ಎಲ್ವಿರಾ. ಕೈಗವಸಿನ ಬೆರಳಿನಿಂದ "ಮೊದಲು" ಎಂಬ ಪದವನ್ನು ಒರೆಸಿ, ಅರ್ಧ ಕಿಲೋ ಕೋಸು ಕಟ್ಟಿಸಿಕೊಂಡು, ತಲೆಯೆತ್ತಿಕೊಂಡು ಹೊರಟಳು.

ಅವಳು ಮಾಂಸದ ಸಾಲಿನ ತಿರುವು ಮುಟ್ಟುವ ಮೊದಲೇ ರಿಮ್ಮಾ ಆ ಪದವನ್ನು ಮತ್ತೆ ಬರೆದಿದ್ದಳು. ಮಧ್ಯಾಹ್ನದೊಳಗೆ ಇನ್ನೂ ಮೂವರು ಒರೆಸಿದರು. ಮೂರು ಸಲವೂ ಬರೆದಳು, ಪ್ರತಿ ಸಲ ಮುಂಚಿಗಿಂತ ಕೊಂಚ ದೊಡ್ಡದಾಗಿ. ಅಂಗಡಿ ಮುಚ್ಚುವ ಹೊತ್ತಿಗೆ ಹಲಗೆಯ ಮೇಲೆ ಬೇರೆ ಯಾವುದಕ್ಕೂ ಜಾಗ ಉಳಿದಿರಲಿಲ್ಲ. ಪೀಪಾಯಿಯ ತಳ ಕಂಡಿತ್ತು. ರಿಮ್ಮಾ ನೀಲಿ ಮೆತ್ತೆಯ ಮೇಲೆ ಕೂತು, ಬೆರಳಿಗಂಟಿದ ಸೀಮೆಸುಣ್ಣವನ್ನು ಏಪ್ರನ್ನಿಗೆ ಒರೆಸಿಕೊಂಡಳು. ಚೀಲದಲ್ಲಿ ಹೊಸ ಸೀಮೆಸುಣ್ಣದ ಡಬ್ಬಿ ಇದೆಯೋ ಎಂದು ಮುಟ್ಟಿ ನೋಡಿದಳು. ಇತ್ತು.